ತೊಟ್ಟಿಯ ಗೇಜು

ಅವರು ಮಸ್ಕಿಯಲ್ಲಿ ಮನೆ ಮಾಡಿದ್ದಕ್ಕೆ ಊರಿನ ಮೇಲಿನ ಪ್ರೀತಿ ಕಾರಣವಲ್ಲ, ಬಸ್ಸು ಕಾರಣ. ಭೀಮೇಶ ಲಿಂಗಸುಗೂರಿನ ಕಚೇರಿಯೊಂದರಲ್ಲಿ ಗುಮಾಸ್ತ. ಅವನ ಹೆಂಡತಿ ಸುರೇಖಾ ಸಿಂಧನೂರಿನ ಆಸ್ಪತ್ರೆಯೊಂದರಲ್ಲಿ ನರ್ಸು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಮುಂಜಾನೆ ಎಂಟೂಕಾಲಿಗೆ ಇಬ್ಬರೂ ಒಂದೇ ಬಾಗಿಲಿನಿಂದ ಹೊರಟು ಎರಡು ದಿಕ್ಕು ಹಿಡಿಯುತ್ತಿದ್ದರು. ಯಾರ ಊರಿನಲ್ಲಿ ಇರಬೇಕೆಂಬ ಜಗಳ ಬೇಡವೆಂದು ನಡುವಿನ ಮಸ್ಕಿಯಲ್ಲಿ ಬಾಡಿಗೆ ಮನೆ ಹಿಡಿದರು. ಜಗಳ ಅಲ್ಲಿಗೂ ವಿಳಾಸ ಕೇಳಿಕೊಂಡು ಬಂತು ಅನ್ನುವುದು ಬೇರೆ ಮಾತು.

ಹಿರಿಯ ಮಗಳು ದೀಪಿಕಾ ಹುಟ್ಟಿ, ಸುರೇಖಾ ಡ್ಯೂಟಿಗೆ ಮರಳಬೇಕಾದಾಗ ಭೀಮೇಶನ ತಂದೆ ಬಸ್ಸಪ್ಪ ಮತ್ತು ತಾಯಿ ಅಯ್ಯಮ್ಮ ದಢೇಸುಗೂರಿನಿಂದ ಬಂದು ಸೇರಿದರು. ಬಸ್ಸಪ್ಪ ಮೂವತ್ತೊಂದು ವರ್ಷ ಕಾಲುವೆಯ ಮೇಲೆ ಸೌಡಿಯಾಗಿದ್ದವನು. ತೂಬಿನ ಗೇಟು ಎತ್ತುವುದು, ಇಳಿಸುವುದು, ದಿನಕ್ಕೆರಡು ಸಲ ಕಾಲುವೆಯ ಗೋಡೆಯ ಮೇಲಿನ ಗೇಜು ನೋಡಿ ನೀರು ಎಷ್ಟು ಅಡಿ ಎಷ್ಟು ಇಂಚು ಇದೆಯೆಂದು ಬರೆದಿಡುವುದು ಸೌಡಿಯ ಕೆಲಸ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದರೂ ಅವನ ಅಕ್ಷರಗಳು ದುಂಡಗಿದ್ದವು. ಪೆನ್ಷನ್ ಬಂತು, ಕಾಲುವೆ ಹೋಯಿತು, ನೀರು ಅಳೆಯುವ ಚಟ ಮಾತ್ರ ಹೋಗಲಿಲ್ಲ.

ಆ ಚಟಕ್ಕೆ ಮಸ್ಕಿಯ ಮನೆ ಹೇಳಿ ಮಾಡಿಸಿದಂತಿತ್ತು. ಆ ಓಣಿಗೆ ನಳದ ನೀರು ವಾರಕ್ಕೊಮ್ಮೆ. ಹಿತ್ತಲಿನಲ್ಲಿ ಆರಡಿ ಉದ್ದ, ನಾಲ್ಕಡಿ ಅಗಲ, ಐದಡಿ ಆಳದ ಸಿಮೆಂಟ್ ತೊಟ್ಟಿ. ಬಂದ ಮೊದಲ ವಾರವೇ ಬಸ್ಸಪ್ಪ ತೊಟ್ಟಿಯ ಒಳಗೋಡೆಗೆ ಕರಿ ಬಣ್ಣದಲ್ಲಿ ಅಡಿ, ಇಂಚಿನ ಗೆರೆ ಎಳೆದು ಗೇಜು ಬರೆದ. ಒಂದು ಇಂಚು ನೀರೆಂದರೆ ನಾಲ್ಕು ಕೊಡ ಎಂದು ಸುರಿದು ಸುರಿದು ಲೆಕ್ಕ ಹಚ್ಚಿದ.

ಮೊಮ್ಮಗಳು ತೊಟ್ಟಿಯೊಳಗೆ ಇಣುಕಲಾರದಷ್ಟು ಚಿಕ್ಕವಳಿದ್ದಾಗ ಅವಳಿಗೊಂದು ಬಿದಿರಿನ ಕೋಲು ಮಾಡಿಕೊಟ್ಟಿದ್ದ. ಕೋಲನ್ನು ತಳ ಮುಟ್ಟುವ ತನಕ ಅದ್ದಿ ಮೇಲೆತ್ತಿ, ತೊಯ್ದ ಭಾಗವನ್ನು ಮಗುವಿನ ಪಕ್ಕ ನಿಲ್ಲಿಸಿ, "ಇವತ್ತು ನೀರು ಎಲ್ಲಿ ತನಕ ಐತವ್ವಾ?" ಎಂದು ಕೇಳುತ್ತಿದ್ದ. ನಾಲ್ಕು ವರ್ಷದವಳಿದ್ದಾಗ ಒಮ್ಮೆ ಅವಳೇ ಕೋಲನ್ನು ಓರೆಯಾಗಿ ಅದ್ದಿ ತೆಗೆದು, ಮೂಗಿನ ತನಕ ತೊಯ್ದದ್ದು ಕಂಡು, ನೀರು ಹೆಚ್ಚಾತು ಎಂದು ಮನೆ ತುಂಬ ಸಾರಿಬಂದಳು.

"ನೀರು ಹೆಚ್ಚಾಗಿಲ್ಲವ್ವಾ, ಕೋಲು ಮಲಗೈತಿ," ಎಂದಿದ್ದ ಬಸ್ಸಪ್ಪ. "ನಮ್ಮ ಕಾಲುವಿ ಗ್ವಾಡಿನೂ ಹಿಂಗ ಮಲಗಿರ್ತದ. ಅದಕ್ಕ ಅಲ್ಲಿ ಬರಿಯೋ ಇಂಚು ಉದ್ದ. ಎಲ್ಲಾ ಇಂಚೂ ಅಷ್ಟಷ್ಟೇ ಉದ್ದ." ಆಮೇಲೆ ಒಂದು ತಿಂಗಳು ಮಗು ಕಂಡದ್ದಕ್ಕೆಲ್ಲ ಕೋಲು ಓರೆ ಹಿಡಿದು ನೋಡಿತು. ಅಯ್ಯಮ್ಮನ ಮಜ್ಜಿಗೆ ಗಡಿಗೆಯೂ ಉಳಿಯಲಿಲ್ಲ.

ಹೀಗೆ ಎಂಟು ವರ್ಷ ನಡೆಯಿತು. ದೀಪಿಕಾ ಮುಂಜಾನೆ, ಸಂಜೆ ಗೇಜು ನೋಡಿ ಕೂಗುವುದು, ಬಸ್ಸಪ್ಪ ನೋಟ್‌ಬುಕ್ಕಿನಲ್ಲಿ ಬರೆಯುವುದು. ನಾಳೆ ಎಷ್ಟಿರುತ್ತದೆಂದು ಇಬ್ಬರೂ ಅಂದಾಜು ಹೇಳಿ ಹಿಡಿ ಶೇಂಗಾ ಪಣ ಕಟ್ಟುವುದು. ಈಗ ಕಿರಿಯ ಮಗಳು ಪಂಪಾವತಿಗೂ ಮೂರು ತುಂಬಿತ್ತು. ಎಲ್ಲರೂ ಅವಳನ್ನು ಪಂಪಿ ಎನ್ನುತ್ತಿದ್ದರು. ಕೋಲು ಅವಳ ಕೈಗೆ ಬರುವ ಸಮಯ.

ಅಷ್ಟರಲ್ಲಿ ದೀಪಿಕಾಳ ಐದನೇ ತರಗತಿಯ ಗಣಿತದ ಉತ್ತರಪತ್ರಿಕೆ ಮನೆಗೆ ಬಂತು.

ಊಟಕ್ಕೆ ಕೂತಿದ್ದರು. ಜೋಳದ ರೊಟ್ಟಿ, ಪುಂಡಿ ಪಲ್ಯ. ಸುರೇಖಾ ಪತ್ರಿಕೆಯನ್ನು ಗಂಡನ ತಾಟಿನ ಪಕ್ಕ ಇಟ್ಟಳು.

"ಓದ್ರಿ. ಇಪ್ಪತ್ತೈದಕ್ಕ ಆರು."

ಭೀಮೇಶ ರೊಟ್ಟಿ ಮುರಿಯುತ್ತಲೇ ಓದಿದ. "ಮುಂದಿನ ಸಲ ಮಾಡ್ತಾಳ ಬಿಡು."

"ಮುಂದಿನ ಸಲ ಅಂದ್ರ ವಸತಿ ಶಾಲಿ ಪರೀಕ್ಷೆನೇ. ಆರು ವಾರ ಐತಿ. ಆರನೇ ಕ್ಲಾಸಿಗೆ ಅಲ್ಲಿ ಸೀಟು ಸಿಕ್ರ ಹುಡುಗಿ ಮುಂದ ಬರ್ತಾಳ ಅಂತ ನಾ ಮೂರು ವರ್ಷದಿಂದ ಹೇಳಾಕತ್ತೀನಿ."

"ಎಲ್ಲಾ ಗೊತ್ತಿತ್ತು ಮಮ್ಮಿ," ಎಂದಳು ದೀಪಿಕಾ. "ಸರಿ ಮಾಡೀನಿ ಅಂತ ಅಂದ್ಕೊಂಡಿದ್ದೆ."

"ಸರಿ ಮಾಡಿದ್ರ ಇಷ್ಟು ಕೆಂಪು ಗೆರಿ ಯಾಕ ಬಂದಾವ?"

ಬಸ್ಸಪ್ಪ ಮುರಿದ ರೊಟ್ಟಿಯನ್ನು ತಾಟಿಗೆ ಇಟ್ಟ. ಶೇಂಗಾ ಪಣದಲ್ಲಿ ತನ್ನನ್ನೇ ಸೋಲಿಸುವ ಹುಡುಗಿಗೆ ಲೆಕ್ಕ ಬರುವುದಿಲ್ಲ ಎಂದರೆ ಅವನು ಹೇಗೆ ನಂಬಬೇಕು? ಆದರೆ ಕೆಂಪು ಗೆರೆ ಸುಳ್ಳು ಹೇಳುವುದಿಲ್ಲವೆಂದೂ ಅವನು ನಂಬಿದ್ದ. ಮೂವತ್ತೊಂದು ವರ್ಷ ಮೇಲಿನವರ ಕೆಂಪು ಗೆರೆಗೆ ಅಂಜಿ ಬದುಕಿದವನು.

ಮರುದಿನವೇ ಟ್ಯೂಷನ್ ಹಚ್ಚಿದರು. ಟ್ಯೂಷನ್ ಸರ್ ಒಳ್ಳೆಯವರೇ, ಆದರೆ ಹದಿನೆಂಟು ಮಕ್ಕಳ ನಡುವೆ ಯಾರ ತಪ್ಪು ಎಲ್ಲಿಂದ ಬಂತೆಂದು ಕೇಳುವ ಪುರಸತ್ತು ಅವರಿಗಿರಲಿಲ್ಲ. ತಪ್ಪಾದ ಲೆಕ್ಕವನ್ನು ಹತ್ತು ಸಲ ಬರೆಸುತ್ತಿದ್ದರು. ದೀಪಿಕಾ ಹತ್ತು ಸಲ ಬರೆದು, ಹನ್ನೊಂದನೆಯ ಸಲ ಮತ್ತೆ ತನ್ನ ಉತ್ತರವನ್ನೇ ಬರೆಯುತ್ತಿದ್ದಳು. ಎರಡು ವಾರದಲ್ಲಿ ಹುಡುಗಿ ಮಂಕಾದಳು. ಗೇಜು ಕೂಗುವಾಗಲೂ ದನಿ ಸಣ್ಣದಾಯಿತು.

ಒಂದು ಭಾನುವಾರ ಮುಂಜಾನೆ ಅಯ್ಯಮ್ಮ ತಿಂಡಿಗೆ ಮಂಡಾಳ ಒಗ್ಗರಣಿ ಮಾಡಿದ್ದಳು. ದೀಪಿಕಾ ಕಟ್ಟೆಯ ಮೇಲೆ ಟ್ಯೂಷನ್ ಪುಸ್ತಕ ಹಿಡಿದು ಅಳುವ ಮೋರೆ ಮಾಡಿಕೊಂಡು ಕೂತಿದ್ದಳು. ಬಸ್ಸಪ್ಪ ತಾಟು ಹಿಡಿದು ಪಕ್ಕ ಬಂದು ಕೂತ.

"ಯಾವ ಲೆಕ್ಕವ್ವಾ? ನನಗ ಓದಿ ಹೇಳು."

"ಮೂರು ಚುಕ್ಕಿ ಏಳು, ಅದಕ್ಕ ಸೊನ್ನಿ ಚುಕ್ಕಿ ಐದು ಕೂಡಿಸ್ಬೇಕು."

"ನಾಕು," ಎಂದ ಬಸ್ಸಪ್ಪ ತಡೆಯದೆ. "ಬರೋಬ್ಬರಿ ನಾಕು."

"ನಾನೂ ಅದನ್ನೇ ಬರದೀನಿ ತಾತ. ತಪ್ಪಂತ."

"ಅದ್ಹೆಂಗ ತಪ್ಪಾಗ್ತದ? ನಿಮ್ಮ ಸರ್‌ಗೆ ಕೂಡಿಸಾಕ ಬರಂಗಿಲ್ಲೇನು?"

ಒಳಗೆ ಯೂನಿಫಾರ್ಮಿಗೆ ಇಸ್ತ್ರಿ ಹೊಡೆಯುತ್ತಿದ್ದ ಸುರೇಖಾಳ ಕೈ ನಿಂತಿತು. ಹೊರಗೆ ಬಂದಳು.

"ಮಾವ, ಇನ್ನೊಮ್ಮೆ ಹೇಳ್ರಿ. ಎಷ್ಟಂದ್ರಿ?"

"ನಾಕು. ಏಳು, ಐದು, ಹನ್ನೆರಡು. ಹನ್ನೆರಡಕ್ಕ ಒಂದು. ಮೂರು, ಒಂದು, ನಾಕು."

ಸುರೇಖಾ ಕಿಟಕಿಯಲ್ಲಿದ್ದ ನೋಟ್‌ಬುಕ್ಕು ತೆಗೆದುಕೊಂಡಳು. ಎಂಟು ವರ್ಷದಲ್ಲಿ ಅವಳು ಅದನ್ನು ಬಿಚ್ಚಿ ನೋಡಿದ್ದು ಅದೇ ಮೊದಲು. ಮಾವನ ದುಂಡಗಿನ ಅಕ್ಷರದಲ್ಲಿ, ಮಗಳ ಅಕ್ಷರದಲ್ಲಿ, ಪುಟದ ತುಂಬ ಅಂಕಿ. 3.9. 3.10. 3.11. ಅದರ ಕೆಳಗೆ 4.0. ಮೂರು ಅಡಿ ಹನ್ನೊಂದು ಇಂಚು ಎಂದು ಉದ್ದಕ್ಕೆ ಬರೆಯುವ ಬದಲು ಕಾಲುವೆಯ ಮೇಲೆ ರೂಢಿಯಾಗಿದ್ದ ಚುಕ್ಕಿಯನ್ನು ಬಸ್ಸಪ್ಪ ಮನೆಗೂ ತಂದಿದ್ದ. ಮಗಳ ತಪ್ಪುಗಳು ಎಲ್ಲಿಂದ ಬಂದವೆಂದು ಸುರೇಖಾಳಿಗೆ ಒಂದೇ ಕ್ಷಣಕ್ಕೆ ತಿಳಿಯಿತು.

"ನೀವ ಕಲಿಸಿದ್ದಾ ಇದು," ಎಂದಳು. ದನಿ ಏರಿಸಲಿಲ್ಲ, ಅದೇ ಹೆದರಿಕೆ. "ಮಾವ, ಪಾಯಿಂಟ್ ಐದು ಅಂದ್ರ ಅರ್ಧ. ನನ್ನ ಕೈಯಾಗ ದಿನಾ ಸೂಜಿ ಇರ್ತದ. ಅದರಾಗ ಈ ಚುಕ್ಕಿ ತಪ್ಪಿದ್ರ ಒಂದು ಜೀವ ಹೋಗ್ತದ. ನೀವ ನನ್ನ ಮಗಳ ತಲಿಯಾಗ ತಪ್ಪು ಚುಕ್ಕಿ ಇಟ್ಟೀರಿ. ಎಂಟು ವರ್ಷ."

"ನನಗೇನು ಗೊತ್ತವ್ವಾ, ನಾವೆಲ್ಲಾ ಹಂಗಾ ಬರೀತಿದ್ವಿ."

"ಗೊತ್ತಿಲ್ದಿದ್ರ ಕಲಿಸಬಾರದು."

"ಸುರೇಖಾ, ಮಾತು ಹದದಾಗ ಇರಲಿ," ಎಂದ ಭೀಮೇಶ.

"ನೀವ ಸುಮ್ನಿರ್ರಿ. ಪಂಪಿನ ನಾಳೆಯಿಂದ ಪ್ಲೇ ಹೋಮಿಗೆ ಕಳಿಸ್ತೀನಿ. ಆಕಿ ಕೈಯಾಗ ಆ ಕೋಲು ಕೊಟ್ರ ನಾ ಸುಮ್ನಿರಂಗಿಲ್ಲ."

ಮನೆಯೊಡೆಯ ಬಾಗಿಲಿಗೆ ಹೊಡೆಸಿ ಉಳಿದಿದ್ದ ಬಿಳಿ ಬಣ್ಣದ ಡಬ್ಬಿ ಹಿತ್ತಲಿನಲ್ಲಿತ್ತು. ಅಂದು ಸಂಜೆ ನಳ ಬರುವುದಿತ್ತು, ತೊಟ್ಟಿಯ ತಳದಲ್ಲಿ ಗೇಣು ನೀರೂ ಇರಲಿಲ್ಲ. ಸುರೇಖಾ ಸೀರೆ ಎತ್ತಿ ಕಟ್ಟಿ ತೊಟ್ಟಿಗಿಳಿದು ಗೇಜಿನ ಮೇಲೆ ಬ್ರಷ್ ಎಳೆದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದೀಪಿಕಾ ಬಾಗಿಲಲ್ಲಿ ನಿಂತು ನೋಡಿದಳು, ಅಳಲಿಲ್ಲ. ಅತ್ತದ್ದು ಬಸ್ಸಪ್ಪ. ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಂಡು, ಇನ್ನೆರಡು ವಾರ ಬಿಟ್ಟು ಬರುವ ಸೋಮವಾರ ದಢೇಸುಗೂರಿಗೆ ಹೋಗುತ್ತೇನೆ, ತಮ್ಮನ ಮನೆಯಲ್ಲಿ ಇರುತ್ತೇನೆ ಎಂದ.

"ನೀ ಹೋಗು," ಎಂದಳು ಅಯ್ಯಮ್ಮ. "ನಾ ಕೂಸುಗಳನ್ನ ಬಿಟ್ಟು ಬರಂಗಿಲ್ಲ."

"ನಾ ಇದ್ರ ಸಣ್ಣದೂ ಕೆಡತದ. ದೊಡ್ಡದನ್ನ ಕೆಡಿಸಿಯಾತು."

ಅದನ್ನು ಅವನು ಬಿಗುಮಾನಕ್ಕೆ ಹೇಳಲಿಲ್ಲ. ನಿಜವಾಗಿ ನಂಬಿಯೇ ಹೇಳಿದ. ಎತ್ತಿ ಆಡಿಸಿದ ಮಗುವನ್ನು ತಾನೇ ದಡ್ಡಿ ಮಾಡಿದೆನೆಂಬ ಮಾತು ಅವನ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತ್ತು.

ಗೇಜಿಲ್ಲದ ಮನೆ ಹೇಗೆ ನಡೆಯುತ್ತದೆಂದು ಆ ವಾರ ಎಲ್ಲರಿಗೂ ಗೊತ್ತಾಯಿತು. ಮೊದಲಾದರೆ ಮೂರನೇ ದಿನಕ್ಕೇ ದೀಪಿಕಾ, "ಇವತ್ತು ಬಟ್ಟಿ ಒಗಿಯೋದು ಬ್ಯಾಡ, ಅರ್ಧ ಇಂಚು ಜಾಸ್ತಿ ಹೋಗೈತಿ," ಎಂದು ಹುಕುಂ ಹೊರಡಿಸುತ್ತಿದ್ದಳು. ಈಗ ಯಾರಿಗೂ ಹೇಳುವವರಿಲ್ಲ. ಸುರೇಖಾ ವಾಷಿಂಗ್ ಮಷಿನ್ ಎರಡು ಸಲ ಹಾಕಿದಳು, ಭೀಮೇಶ ಗಾಡಿ ತೊಳೆದ. ಆರನೆಯ ದಿನ ಅಯ್ಯಮ್ಮ ಅಕ್ಕಿ ತೊಳೆಯಲು ಹೋದರೆ ಕೊಡ ತಳಕ್ಕೆ ಬಡಿದು ಸದ್ದಾಯಿತು. ಪಕ್ಕದ ಮನೆಯ ಖಾಸಿಂಬೀಯ ಹತ್ತಿರ ನಾಲ್ಕು ಕೊಡ ನೀರು ಕಡ ತಂದರು.

"ನಿಮಗ ಗೊತ್ತಿತ್ತಲ್ಲ ಮಾವ, ಖಾಲಿ ಆಗ್ತದಂತ?" ಎಂದಳು ಸುರೇಖಾ.

"ಗೊತ್ತಿತ್ತು."

"ಮತ್ತ ಹೇಳಬಾರದಾ?"

"ಗೊತ್ತಿಲ್ದಿದ್ರ ಕಲಿಸಬಾರದು ಅಂದಿ. ಗೊತ್ತಿದ್ರ ಹೇಳಬೇಕು ಅಂತ ಅನ್ನಲಿಲ್ಲ."

ಅಯ್ಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಸುರೇಖಾಳಿಗೆ ನಗು ಬರಲಿಲ್ಲ. ಕೋಪಕ್ಕಿಂತ ಹೆಚ್ಚಾಗಿ ಅವಳಿಗೆ ಸುಸ್ತಾಗಿತ್ತು. ಅತ್ತ ಪಂಪಿ ದಿನಾ ಪ್ಲೇ ಹೋಮಿನ ಆಟೋ ಹತ್ತುವಾಗ ಇಡೀ ಓಣಿಗೆ ಕೇಳುವಷ್ಟು ಅಳುತ್ತಿತ್ತು.

ಬಸ್ಸಪ್ಪ ಹೊರಡಲಿದ್ದ ಸೋಮವಾರಕ್ಕೆ ಮುಂಚಿನ ಶನಿವಾರ ಮಧ್ಯಾಹ್ನ ಶಾಲೆಯ ಗಣಿತದ ಟೀಚರ್ ಸಲ್ಮಾ ಮನೆಗೆ ಬಂದಳು. ಮೂವತ್ತು ದಾಟಿದ ಹೆಣ್ಣುಮಗಳು, ಬಗಲಲ್ಲಿ ಉತ್ತರಪತ್ರಿಕೆಯ ಕಟ್ಟು. ಸುರೇಖಾ ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದಳು. ಭೀಮೇಶ ಕುರ್ಚಿ ಹಾಕಿದ. ಗೋಡೆಯ ಮೇಲಿನ ಬುದ್ಧನ ಫೋಟೊದ ಕೆಳಗೆ ಬಸ್ಸಪ್ಪ ಕೈಮುಗಿದು ನಿಂತ.

"ತಪ್ಪು ನಂದ್ರೀ ಟೀಚರ್," ಎಂದ, ಯಾರೂ ಏನೂ ಕೇಳುವ ಮೊದಲೇ. "ಹುಡುಗಿದೇನಿಲ್ಲ. ಚುಕ್ಕಿ ನಾ ಕಲಿಸಿದ್ದು."

"ಹಂಗಾರ ನಾ ನಿಮ್ಮನ್ನಾ ನೋಡಾಕ ಬಂದದ್ದು ತಾತ. ಕೂಡ್ರಿ." ಪಾಲಕರ ಸಹಿಯಾಗಿ ಶಾಲೆಗೆ ಮರಳಿದ್ದ ದೀಪಿಕಾಳ ಪತ್ರಿಕೆಯನ್ನು ಸಲ್ಮಾ ಬಿಚ್ಚಿದಳು. "ನಿನ್ನೆ ಈಕೀಗೆ ಕೇಳಿದೆ, ಮೂರರ ಅರ್ಧ ಎಷ್ಟು ಅಂತ. ಒಂದು ಚುಕ್ಕಿ ಆರು ಅಂದ್ಲು. ಯಾಕ ಅಂದೆ. ಅಡಿಗೆ ಹನ್ನೆರಡಲ್ಲಾ ಟೀಚರ್, ಅರ್ಧ ಅಡಿ ಆರು ಇಂಚು ಅಂದ್ಲು. ಆಗ ನನಗ ಬೆಳಕಾತು. ಇಡೀ ಪತ್ರಿಕಿ ಹನ್ನೆರಡರ ಲೆಕ್ಕಕ್ಕ ಇಟ್ಟು ತಿದ್ದಿದೆ. ಎಷ್ಟು ಬಂತು ಗೊತ್ತೇನ್ರಿ? ಇಪ್ಪತ್ತೈದಕ್ಕ ಇಪ್ಪತ್ನಾಕು."

ಭೀಮೇಶ ಪತ್ರಿಕೆಗೆ ಕೈ ಚಾಚಿದ. ಕೆಂಪು ಗೆರೆಗಳ ಪಕ್ಕ ಹಸಿರು ಶಾಯಿಯಲ್ಲಿ ಸಲ್ಮಾ ಮತ್ತೊಮ್ಮೆ ತಿದ್ದಿದ್ದಳು.

"ಹತ್ತರಲ್ಲಿ ಕೂಡಿಸೋದೇ ನಮ್ಮ ಮಕ್ಕಳಿಗೆ ಕಷ್ಟ," ಎಂದಳು ಸಲ್ಮಾ. "ಈಕಿ ಹನ್ನೆರಡರಲ್ಲಿ ಕೂಡಿಸ್ತಾಳ, ಕಳೀತಾಳ, ಅರ್ಧ ಮಾಡ್ತಾಳ, ಅದೂ ಬಾಯಿಲೆಕ್ಕ. ಮನ್ಯಾಗ ಏನು ಮಾಡಿಸ್ತಿದ್ರಿ? ಯಾವಾಗಿಂದ?"

ಬಸ್ಸಪ್ಪ ಸೊಸೆಯ ಮೋರೆ ನೋಡಿದ. ಅವಳು ನೆಲ ನೋಡುತ್ತಿದ್ದಳು. ಅವನು ಎದ್ದು ತನ್ನ ಟ್ರಂಕಿನಿಂದ ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ತಂದ. ಬಿಚ್ಚಿದರೆ ಒಂಬತ್ತು ನೋಟ್‌ಬುಕ್ಕು.

ಎಲ್ಲಕ್ಕಿಂತ ಹಳೆಯದನ್ನು ಸಲ್ಮಾ ತೆರೆದು ಗಟ್ಟಿಯಾಗಿ ಓದಿದಳು. "ಮುಂಜಾನೆ, ದೀಪಿ ಹೊಟ್ಟಿ ತನಕ. ಸಂಜಿ, ದೀಪಿ ತೊಡಿ ತನಕ." ಪುಟ ತಿರುಗಿತು. "ನಳ ಬಂತು. ದೀಪಿ ಮುಳುಗಿ ಮ್ಯಾಲ ನಾಕು ಬಟ್ಟು." ಇನ್ನೊಂದು ಪುಸ್ತಕದಲ್ಲಿ, "ಕೋಲು ಮಲಗಿಸಿದಳು. ನಕ್ಕೆವು." ಆಮೇಲೆ ಮೂರು ಎಂಬ ಅಂಕಿ, ತಿರುವುಮುರುವಾಗಿ, ಮಗುವಿನ ಕೈಯಲ್ಲಿ. ಅದರ ಮುಂದೆ ಬಸ್ಸಪ್ಪನ ಅಕ್ಷರ, "ಇದು ದೀಪಿ ಬರೆದದ್ದು." ಆಮೇಲೆ ಎರಡು ಸಾಲು ಅಂಕಿಗಳು ಅಕ್ಕಪಕ್ಕ. ಒಂದು ನಾಳೆಯ ಅಂದಾಜು, ಒಂದು ಮರುದಿನ ನಿಜವಾಗಿ ಇದ್ದದ್ದು. ಮೊದಮೊದಲು ಎರಡರ ನಡುವೆ ಅಡಿಗಟ್ಟಲೆ ಅಂತರ. ಪುಟ ತಿರುಗಿದ ಹಾಗೆ ಅಂತರ ಕಮ್ಮಿಯಾಗುತ್ತ, ಎಂಟು ವರ್ಷ ತುಂಬಿದ ಹೊತ್ತಿಗೆ ಅರ್ಧ ಇಂಚಿಗೆ ಬಂದು ನಿಂತಿತ್ತು.

ಓದುತ್ತ ಓದುತ್ತ ಸಲ್ಮಾಳ ದನಿ ತಗ್ಗಿತು. ಕಡೆಗೆ ಓದುವುದನ್ನೇ ಬಿಟ್ಟು ಸುಮ್ಮನೆ ಪುಟ ತಿರುವಿದಳು. ಒಂದು ಮಗುವಿನ ಬುದ್ಧಿ ದಿನದಿನಕ್ಕೆ ಬೆಳೆದದ್ದು ತಾರೀಖಿನ ಸಮೇತ ತೊಡೆಯ ಮೇಲಿತ್ತು. ಹನ್ನೊಂದು ವರ್ಷ ಪಾಠ ಹೇಳಿದ ಅವಳು ಅಂಥದ್ದನ್ನು ಕಂಡಿರಲಿಲ್ಲ.

ಸುರೇಖಾ ಅವಳ ಹೆಗಲ ಮೇಲಿಂದ ಬಾಗಿ ತಾರೀಖು ನೋಡಿದಳು. ಮಗಳು ಮೊದಲ ಸಲ ಮೂರು ಬರೆದ ದಿನ ಅವಳು ಸಿಂಧನೂರಿನ ಹೆರಿಗೆ ವಾರ್ಡಿನಲ್ಲಿದ್ದಳು. ಆ ದಿನ ಯಾರೋ ಹೆತ್ತರು, ಅವಳು ನೋಡಿಕೊಂಡಳು. ತನ್ನ ಮಗಳನ್ನು ನೋಡಿದ್ದು ಈ ಮುದುಕ. ಅವಳಿಗೆ ಹೊಟ್ಟೆಕಿಚ್ಚೂ ಆಯಿತು, ಕಣ್ಣೂ ತುಂಬಿತು.

"ಇದೆಲ್ಲಾ ಛಲೋ ಆತ್ರೀ ಟೀಚರ್," ಎಂದ ಭೀಮೇಶ, "ಆದ್ರ ಪರೀಕ್ಷೆಗೆ ಹತ್ತರ ಲೆಕ್ಕ ಬೇಕಲ್ಲ?"

"ಅಷ್ಟಾ ಬೇಕು. ದೀಪಿಕಾ, ಕೇಳು. ಶಾಲಿ ಚುಕ್ಕಿಯಾಗ ಅಡಿಗೆ ಹನ್ನೆರಡು ಪಾಲಿಲ್ಲ. ಹತ್ತೇ ಪಾಲು."

ದೀಪಿಕಾ ಟೀಚರ್ ಮುಖವನ್ನೇ ನೋಡಿದಳು. "ಹತ್ತಾ? ಯಾರೂ ಹೇಳಲೇ ಇಲ್ಲಲ್ಲ ಟೀಚರ್."

ಸಲ್ಮಾ ಹೇಳಿದ್ದಳು, ಬೋರ್ಡಿನ ಮೇಲೆ, ಪುಸ್ತಕದ ಮಾತಿನಲ್ಲಿ. ಸುರೇಖಾ ಪಾಯಿಂಟ್ ಐದು ಅಂದರೆ ಅರ್ಧ ಎಂದಿದ್ದಳು. ಆದರೆ ಅಡಿಯ ಪಾಲು ಎಂದು ಇಬ್ಬರೂ ಹೇಳಿರಲಿಲ್ಲ.

"ಹಂಗಾರ ಅಡಿನ ಹತ್ತು ಪಾಲು ಮಾಡಬೇಕು," ಎಂದಳು ದೀಪಿಕಾ, ಎದ್ದೇಬಿಟ್ಟಳು. ಅಡಿಯುದ್ದದ ಹುರಿ ಕತ್ತರಿಸಿಕೊಂಡಳು. ಎರಡು ಮಡಿಕೆ ಮಾಡಿದಳು, ಬಂತು. ಅರ್ಧವನ್ನು ಐದು ಮಾಡಲು ಹೋದಳು, ಸಮ ಬರಲಿಲ್ಲ. ಭೀಮೇಶ ಮೊಬೈಲ್ ತೆಗೆದು ಭಾಗಿಸಿದ.

"ಒಂದೊಂದು ಪಾಲು ಒಂದು ಇಂಚು, ಮ್ಯಾಲ ಪಾಯಿಂಟ್ ಎರಡು."

"ಆ ಪಾಯಿಂಟ್ ಎರಡು ಎಲ್ಲಿಂದ ತರಲಿ ಪಪ್ಪಾ? ಅದಕ್ಕೂ ಒಂದು ಇಂಚಿನ ಹತ್ತು ಪಾಲು ಮಾಡಬೇಕು."

ಭೀಮೇಶ ಮೊಬೈಲ್ ಜೇಬಿಗಿಟ್ಟ. ಹುಡುಗಿ ತೊಟ್ಟಿಯ ಹತ್ತಿರ ಹೋದಳು, ಮೂಲೆಯಲ್ಲಿ ಓರೆಯಾಗಿ ನಿಲ್ಲಿಸಿದ್ದ ಬಿದಿರಿನ ಕೋಲನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಒಳಗೆ ಓಡಿ ಅಜ್ಜಿಯ ಕೌದಿಯನ್ನು ಎಳೆದುತಂದು ಪಡಸಾಲೆಯಲ್ಲಿ ಹಾಸಿದಳು. ಹಳೆಯ ಸೀರೆಗಳನ್ನು ಒಂದರ ಮೇಲೊಂದಿಟ್ಟು ಅಯ್ಯಮ್ಮ ಹೊಲಿದ ಕೌದಿ ಅದು, ಬೆರಳಗಲಕ್ಕೊಂದು ಹೊಲಿಗೆಯ ಸಾಲು.

"ಅಜ್ಜಿ, ನಿನ್ನ ಸಾಲು ಎಲ್ಲಾ ಸಮ ಅದಾವಲ್ಲ?"

"ಏನಂದಿ?" ಅಯ್ಯಮ್ಮನಿಗೆ ಸಿಟ್ಟೇ ಬಂತು. "ಐವತ್ತು ವರ್ಷ ಭತ್ತದ ಸಸಿ ನೆಟ್ಟ ಕೈ ಇದು. ನನ್ನ ಸಾಲು ಸೊಟ್ಟ ಅಂದವರು ಯಾರು?"

ದೀಪಿಕಾ ಹುರಿಯ ಒಂದು ತುದಿಯನ್ನು ಒಂದು ಸಾಲಿನ ಮೇಲೆ ಹೆಬ್ಬೆರಳಿಂದ ಒತ್ತಿ ಹಿಡಿದಳು. ಕೆಳಗೆ ಹತ್ತು ಸಾಲು ಎಣಿಸಿದಳು. ನೆಟ್ಟಗೆ ಇಟ್ಟರೆ ಹುರಿ ಹತ್ತನೆಯ ಸಾಲನ್ನು ದಾಟಿ ಮುಂದೆ ಹೋಗುತ್ತಿತ್ತು. ಅವಳು ಹುರಿಯನ್ನು ಬಿಗಿಯಾಗಿ ಹಿಡಿದೇ ಮೆಲ್ಲಗೆ ಓರೆ ಮಾಡುತ್ತ ಹೋದಳು. ಇನ್ನೊಂದು ತುದಿ ಸರಿಯುತ್ತ ಸರಿಯುತ್ತ ಬಂದು ಸರಿಯಾಗಿ ಹತ್ತನೆಯ ಸಾಲಿನ ಮೇಲೆ ಕೂತಿತು.

"ತಾತ, ಆ ತುದಿ ಹಿಡಿ."

ಬಸ್ಸಪ್ಪ ಮೊಣಕಾಲೂರಿ ಹಿಡಿದ. ಹುರಿ ಒಂದೊಂದು ಹೊಲಿಗೆಯ ಸಾಲನ್ನು ದಾಟಿದ ಜಾಗದಲ್ಲೂ ದೀಪಿಕಾ ಪೆನ್ನಿನಿಂದ ಚುಕ್ಕಿ ಇಟ್ಟಳು. ಒಂಬತ್ತು ಚುಕ್ಕಿ, ಹತ್ತು ಪಾಲು. ಬಸ್ಸಪ್ಪ ಕಸಬರಿಗೆಯ ಕಡ್ಡಿ ಮುರಿದು ಮೊದಲ ಪಾಲಿನ ಅಳತೆ ತೆಗೆದು ಒಂದೊಂದಕ್ಕೂ ಹಿಡಿದು ನೋಡಿದ. ಹತ್ತೂ ಸಮ.

ಸಲ್ಮಾ ಕುರ್ಚಿ ಬಿಟ್ಟು ನೆಲದ ಮೇಲೆ, ಕೌದಿಯ ಅಂಚಿಗೆ ಕೂತಳು.

"ಇದನ್ನ ನಿನಗ ಯಾರು ಹೇಳಿಕೊಟ್ರು?"

"ಯಾರೂ ಇಲ್ಲ ಟೀಚರ್. ಕೋಲು ಮಲಗಿಸಿದ್ರ ಜಾಸ್ತಿ ತೊಯ್ತದ. ಆದ್ರ ಎಲ್ಲಾ ಕಡಿ ಅಷ್ಟಷ್ಟೇ ಜಾಸ್ತಿ. ಹುರಿನೂ ಮಲಗಿಸಿದೆ."

"ಇದನ್ನ ಹೈಸ್ಕೂಲಿನ್ಯಾಗ ಕಲಿಸ್ತಾರ," ಎಂದಳು ಸಲ್ಮಾ, ಬಸ್ಸಪ್ಪನ ಕಡೆ ತಿರುಗಿ. "ಅದಕ್ಕೊಂದು ದೊಡ್ಡ ಹೆಸರೈತಿ. ಕಲಿಸಿದ್ರೂ ಅರ್ಧ ಮಕ್ಕಳು ಬಾಯಿಪಾಠ ಮಾಡ್ತಾರ. ಈಕಿಗೆ ಕೈಯಾಗ ಬಂದೈತಿ. ತಾತ, ನೀವ ಕೆಡಿಸಿಲ್ಲ. ನಾವು ನಾಕು ವರ್ಷದಾಗ ಕೊಡಲಾರದ್ದನ್ನ ನೀವ ಒಂದು ತೊಟ್ಟ್ಯಾಗ ಕೊಟ್ಟೀರಿ."

ಬಸ್ಸಪ್ಪ ಆ ಮಾತನ್ನು ಕೇಳಿದನೋ ಇಲ್ಲವೋ. ಅವನು ಹುರಿಯ ತುದಿ ಇನ್ನೂ ಬಿಟ್ಟಿರಲಿಲ್ಲ. ಮೂವತ್ತೊಂದು ವರ್ಷ ಮಲಗಿದ ಗೋಡೆಯ ಮೇಲೆ ಗೇಜು ಓದಿದವನು, ಆ ಗೋಡೆಯೊಳಗೆ ಇಂಥದ್ದೊಂದು ಇದೆಯೆಂದು ಅವನಿಗೇ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಅವನು ಕಲಿಸಿದ್ದ. ಅವಳು ಕಲಿತಿದ್ದಳು.

ಸುರೇಖಾ ಒಳಗೆ ಹೋಗಿ ಚಹಾಕ್ಕಿಟ್ಟಳು. ಟೀಚರ್ ಹೋದ ಮೇಲೂ ಮಾವನ ಜೊತೆ ಮಾತಾಡಲಿಲ್ಲ. ಅವಳಿಗೆ ಮಾತು ಸಿಗಲಿಲ್ಲ ಅನ್ನುವುದು ನಿಜ, ಆದರೆ ಬಸ್ಸಪ್ಪನಿಗೆ ಅದು ಹೇಗೆ ತಿಳಿಯಬೇಕು? ಭಾನುವಾರ ದೀಪಿಕಾ ಬಿಳಿ ಬಣ್ಣದ ಮೇಲೆ ಎರಡು ಗೇಜು ಬರೆದಳು, ಎಡಕ್ಕೆ ಹನ್ನೆರಡು ಗೆರೆಯ ಅಡಿ, ಬಲಕ್ಕೆ ಹತ್ತು ಗೆರೆಯ ಅಡಿ. ಇದು ತಾತಂದು, ಇದು ಟೀಚರ್‌ದು ಎಂದಳು. ತಾತನ ಮೂರು ಚುಕ್ಕಿ ಆರು, ಟೀಚರಳ ಮೂರು ಚುಕ್ಕಿ ಐದು, ಎರಡೂ ಒಂದೇ ಮಟ್ಟಕ್ಕೆ ನಿಂತಿದ್ದವು. ತೊಟ್ಟಿಯೊಳಗೆ ಇಳಿದಿದ್ದ ಅವಳಿಗೆ ಕರಿ ಬಣ್ಣದ ಡಬ್ಬಿ ಹಿಡಿದುಕೊಂಡು ನಿಂತದ್ದು ಸುರೇಖಾ. ಬಸ್ಸಪ್ಪ ಸಂಜೆ ತನ್ನ ಚೀಲ ತುಂಬಿದ. ಅಷ್ಟರಲ್ಲೇ ನಳ ಬಂದು ಹೊಸ ಗೇಜಿನ ಬುಡ ತೊಯ್ಯಿಸಿ, ಎರಡಡಿ ತುಂಬಿ, ಕರೆಂಟ್ ಹೋಗಿ ನಿಂತಿತು.

ಸೋಮವಾರ ಎಂಟು ಗಂಟೆ. ಅಪ್ಪನನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಭೀಮೇಶ ಹೆಲ್ಮೆಟ್ ಹುಡುಕುತ್ತಿದ್ದ. ಬಸ್ಸಪ್ಪ ಒಗೆದ ಪಂಚೆ ಉಟ್ಟು, ಚೀಲ ಪಕ್ಕಕ್ಕಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದ. ಅಯ್ಯಮ್ಮ ಅವನ ಕಡೆ ನೋಡದೆ ರೊಟ್ಟಿ ಬುತ್ತಿ ಕಟ್ಟುತ್ತಿದ್ದಳು. ಹೊರಗೆ ಪ್ಲೇ ಹೋಮಿನ ಆಟೋ ಹಾರ್ನ್ ಹಾಕಿತು. ಪಂಪಿ ಒಂದು ಕಾಲಿಗೆ ಬೂಟು ಹಾಕಿಕೊಂಡು ದಿನದ ಅಳು ಶುರು ಮಾಡಿತು.

ಸುರೇಖಾ ಹೆಗಲಿಗೆ ಬ್ಯಾಗು ಏರಿಸಿ ಮಗುವಿನ ಕೈ ಹಿಡಿದು ಬಾಗಿಲ ತನಕ ಹೋದಳು. ನಿಂತಳು.

"ಇವತ್ತು ಬರಂಗಿಲ್ಲಪ್ಪಾ, ನೀ ಹೋಗು," ಎಂದಳು ಆಟೋದವನಿಗೆ. ಮಗುವನ್ನು ಎಳೆದುಕೊಂಡು ಹಿತ್ತಲಿಗೆ ನಡೆದಳು. "ಪಂಪೀ, ಆ ಕೋಲು ತಗೊಂಡು ಬಾ."

ಕೋಲು ಮಗುವಿಗಿಂತ ಎರಡು ಪಾಲು ಉದ್ದವಿತ್ತು. ಸುರೇಖಾ ಬ್ಯಾಗು ಕೆಳಗಿಡದೆಯೇ ಅದನ್ನು ತೊಟ್ಟಿಯ ತಳ ಮುಟ್ಟುವ ತನಕ ಅದ್ದಿದಳು. ನೆಟ್ಟಗೆ ಹಿಡಿದಳು, ಮಲಗಲು ಬಿಡಲಿಲ್ಲ. ಮೇಲೆತ್ತಿ ಮಗಳ ಪಕ್ಕ ನಿಲ್ಲಿಸಿದಾಗ ಅವಳ ಯೂನಿಫಾರ್ಮಿನ ಮೇಲೆ ನೀರು ಸುರಿಯಿತು.

"ನೀರು ಎಲ್ಲಿ ತನಕ ಐತವ್ವಾ?"

ಪಂಪಿ ಅಳು ನಿಲ್ಲಿಸಿ ಕೋಲು ನೋಡಿತು, ತನ್ನನ್ನು ನೋಡಿಕೊಂಡಿತು. ಎದೆಯ ಮೇಲೆ ಅಂಗೈ ಇಟ್ಟಿತು. "ಇಲ್ಲಿ ತನಕ."

"ಮಾವ, ಬುಕ್ಕು ಕೊಡ್ರಿ."

ಬುಕ್ಕು ಚೀಲದಲ್ಲಿತ್ತು. ಬಸ್ಸಪ್ಪ ಬಟ್ಟೆಗಳನ್ನೆಲ್ಲ ಹೊರಗೆ ಹಾಕಿ ಅಡಿಯಿಂದ ಅದನ್ನು ತೆಗೆಯಬೇಕಾಯಿತು. ಸುರೇಖಾ ಎದೆ ಜೇಬಿನ ಪೆನ್ನು ತೆಗೆದು, ತೊಟ್ಟಿಯ ಕಟ್ಟೆಯ ಮೇಲೆ ಬುಕ್ಕಿಟ್ಟು ತಾರೀಖು ಹಾಕಿ, "ಮುಂಜಾನೆ, ಪಂಪಿ ಎದಿ ತನಕ," ಎಂದು ಬರೆದಳು. ಬುಕ್ಕನ್ನು ಮಾವನ ಕೈಗೆ ಕೊಟ್ಟಳು.

"ಸಂಜಿದು ನೀವ ಬರೀಬೇಕು," ಎಂದಳು. "ನನಗ ಡ್ಯೂಟಿ ಐತಿ."

ಎಂಟೂಕಾಲಿನ ಸಿಂಧನೂರು ಬಸ್ಸು ಅವಳಿಲ್ಲದೆ ಹೋಗಿತ್ತು. ಅವಳು ಮುಂದಿನ ಬಸ್ಸಿಗೆ ಹೋದಳು. ಬಸ್ಸಪ್ಪ ಹೊರಗೆ ಬಿದ್ದಿದ್ದ ಬಟ್ಟೆಗಳನ್ನು ಒಂದೊಂದಾಗಿ ಮಡಿಸಿ ಟ್ರಂಕಿನಲ್ಲಿಟ್ಟ. ಅಯ್ಯಮ್ಮ ಕಟ್ಟಿದ ಬುತ್ತಿಯನ್ನು ಮಧ್ಯಾಹ್ನ ಅಜ್ಜ, ಪಂಪಿ ತೊಟ್ಟಿಯ ಪಕ್ಕ ಕೂತು ಉಂಡರು.